ಬೀಕರ್ ಮುಟ್ಟದೆ ಬರೆಯುವ ಪ್ರಯೋಗ ಪರೀಕ್ಷೆ

ರಸಾಯನವಿಜ್ಞಾನದ ಪ್ರಾಯೋಗಿಕ ಪರೀಕ್ಷೆ ಎಂದೊಡನೆ ನಮ್ಮಲ್ಲಿ ಪಿಯುಸಿ ಓದಿದವರಿಗೆಲ್ಲ ನೆನಪಾಗುವುದು ಬ್ಯೂರೆಟ್ಟು, ಪಿಪೆಟ್ಟು, ಪೊಟ್ಟಣದಲ್ಲಿ ಕೊಟ್ಟ ಹೆಸರಿಲ್ಲದ ಲವಣ, ಸಹಿ ಬಿದ್ದ ರೆಕಾರ್ಡ್ ಪುಸ್ತಕ ಮತ್ತು ಕೊನೆಯಲ್ಲಿ ಎದೆ ಢವಗುಟ್ಟಿಸುವ ವೈವಾ. ಇವು ಯಾವುವೂ ಇಲ್ಲದ ಪ್ರಾಯೋಗಿಕ ಪರೀಕ್ಷೆಯೂ ಒಂದಿದೆ. ವಿದ್ಯಾರ್ಥಿ ಸಾಮಾನ್ಯ ಕೊಠಡಿಯಲ್ಲಿ ಡೆಸ್ಕಿನ ಮುಂದೆ ಕೂರುತ್ತಾನೆ. ಕೈಯಲ್ಲಿ ಪೆನ್ನು, ಪೆನ್ಸಿಲ್ಲು, ಉದ್ದನೆಯ ಅಳತೆಪಟ್ಟಿ, ಕ್ಯಾಲ್ಕ್ಯುಲೇಟರ್ ಇರುತ್ತವೆ. ಒಂದೂಕಾಲು ಗಂಟೆಯಲ್ಲಿ ಅವನು ಮಾಡದೇ ಇರುವ ಪ್ರಯೋಗವೊಂದರ ಯೋಜನೆ ಬರೆಯಬೇಕು, ಬೇರೆ ಯಾರೋ ಮಾಡಿದ ಪ್ರಯೋಗದ ಅಂಕಿಗಳನ್ನು ಜಾಲಾಡಬೇಕು, ಆ ಪ್ರಯೋಗ ಎಲ್ಲಿ ಎಡವಿತು ಎಂದು ಹೇಳಬೇಕು.

ಇದು ಕೇಂಬ್ರಿಜ್ ಇಂಟರ್‌ನ್ಯಾಷನಲ್ ಸಂಸ್ಥೆ ನಮ್ಮ ಪಿಯುಸಿ ಮಟ್ಟಕ್ಕೆ ನಡೆಸುವ ಎ ಲೆವೆಲ್ ಪರೀಕ್ಷೆಯ ರಸಾಯನವಿಜ್ಞಾನದ ಐದನೇ ಪತ್ರಿಕೆ. ವಿಷಯ ಸಂಕೇತ 9701. ಪತ್ರಿಕೆಯ ಹೆಸರು 'ಯೋಜನೆ, ವಿಶ್ಲೇಷಣೆ ಮತ್ತು ಮೌಲ್ಯಮಾಪನ'. ಅಂಕ 30 ಮಾತ್ರ. ಪೂರ್ಣ ಎ ಲೆವೆಲ್ ಫಲಿತಾಂಶದಲ್ಲಿ ಇದರ ಪಾಲು ಶೇಕಡಾ 11.5. ಬೆಂಗಳೂರಿನ ಹಲವು ಅಂತರರಾಷ್ಟ್ರೀಯ ಶಾಲೆಗಳ ಮಕ್ಕಳು, ಕೊಲ್ಲಿ ದೇಶಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಲ್ಲಿ ಕೆಲವರು ಇದನ್ನು ಬರೆಯುತ್ತಾರೆ. 'ಲ್ಯಾಬ್ ಇಲ್ಲದೆ ಇದೆಂಥ ಪ್ರಾಯೋಗಿಕ?' ಎಂದು ತಂದೆತಾಯಿ ಕೇಳುವುದು ಸಹಜವೇ.

ಲ್ಯಾಬ್ ಇಲ್ಲವೆಂದಲ್ಲ, ಅದು ಮೂರನೇ ಪತ್ರಿಕೆಯಲ್ಲಿದೆ. ಎರಡು ಗಂಟೆ, 40 ಅಂಕ. ಅಲ್ಲಿ ವಿದ್ಯಾರ್ಥಿ ನಿಜವಾಗಿ ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಸೇರಿಸಿ ಅದರಲ್ಲಿ ಕರಗಿದ ವಸ್ತು ಎಷ್ಟಿದೆ ಎಂದು ಅಳೆಯುವುದು) ಮಾಡುತ್ತಾನೆ, ತಾಪಮಾನ ಅಳೆಯುತ್ತಾನೆ, ಅಯಾನುಗಳನ್ನು ಗುರುತಿಸುತ್ತಾನೆ. ಒಂದು ಸ್ವಾರಸ್ಯವೆಂದರೆ, ಅದೇ ರಾಸಾಯನಿಕಗಳಿಂದ ಶಾಲೆಯ ಮೇಲ್ವಿಚಾರಕರೂ ಪ್ರಯೋಗ ಮಾಡಿ ತಮ್ಮ ಫಲಿತಾಂಶವನ್ನು ಕಳುಹಿಸಬೇಕು. ವಿದ್ಯಾರ್ಥಿಯ ಅಳತೆ ಎಷ್ಟು ನಿಖರ ಎಂಬುದನ್ನು ಅದರೊಂದಿಗೆ ಹೋಲಿಸಿ ನೋಡುತ್ತಾರೆ. ದುಬೈಯ ದ್ರಾವಣಕ್ಕೂ ಬೆಂಗಳೂರಿನ ದ್ರಾವಣಕ್ಕೂ ಚೂರುಪಾರು ವ್ಯತ್ಯಾಸವಿದ್ದರೆ ಮಗುವಿಗೆ ಅನ್ಯಾಯವಾಗಬಾರದಲ್ಲ.

ಹೀಗೆ ಕೈಯನ್ನು ಅಳೆಯಲು ಒಂದು ಪತ್ರಿಕೆ ಇದ್ದೇ ಇದೆ. ಐದನೆಯದು ಅಳೆಯುವುದು ಕೈ ಚಲಿಸುವ ಮುಂಚೆ ಮತ್ತು ಚಲಿಸಿದ ನಂತರ ತಲೆ ಏನು ಮಾಡುತ್ತದೆ ಎಂಬುದನ್ನು. ಅಳತೆ ಬರೆದಿಟ್ಟ ಚೀಟಿ ನೋಡಿಕೊಂಡು ಸಾರು ಮಾಡುವುದು ಬೇರೆ, ಡಬ್ಬಿಗಳಲ್ಲಿ ಏನಿದೆ ಎಂದು ನೋಡಿ ಇವತ್ತು ಯಾವ ಸಾರು ಎಂದು ತೀರ್ಮಾನಿಸುವುದು ಬೇರೆ. ನಮ್ಮ ಹೆಚ್ಚಿನ ಪ್ರಾಯೋಗಿಕ ಪರೀಕ್ಷೆಗಳು ಮೊದಲನೆಯದರಲ್ಲೇ ಮುಗಿಯುತ್ತವೆ. ನನ್ನ ಮಟ್ಟಿಗೆ ಈ ಪತ್ರಿಕೆಯ ನಿಜವಾದ ಸೋಜಿಗ ಮತ್ತೊಂದು: ಲ್ಯಾಬ್ ಇಲ್ಲದೆ ಬರೆಯುವ ಈ ಪರೀಕ್ಷೆಯನ್ನು ಲ್ಯಾಬಿನಲ್ಲಿ ಕೈ ಕೊಳೆ ಮಾಡಿಕೊಂಡವರು ಮಾತ್ರ ಚೆನ್ನಾಗಿ ಬರೆಯಬಲ್ಲರು. ಅದು ಹೇಗೆಂದು ನೋಡಲು ಒಂದು ಪ್ರಯೋಗವನ್ನೇ ಎತ್ತಿಕೊಳ್ಳೋಣ.

ತಾಮ್ರದ ತಗಡು, 20 ನಿಮಿಷ

ಕೆಲಸ ಇದು: ತಾಮ್ರದ ಸಲ್ಫೇಟ್ ದ್ರಾವಣದ ವಿದ್ಯುದ್ವಿಭಜನೆಯಿಂದ (ದ್ರಾವಣದಲ್ಲಿ ವಿದ್ಯುತ್ ಹರಿಸಿ ತಾಮ್ರವನ್ನು ಬೇರ್ಪಡಿಸುವುದರಿಂದ) ಫ್ಯಾರಡೆ ಸ್ಥಿರಾಂಕವನ್ನು ಕಂಡುಹಿಡಿಯಲು ಯೋಜನೆ ಬರೆಯಿರಿ. ಒಂದು ಮೋಲ್ (ಕಣಗಳನ್ನು ಎಣಿಸಲು ರಸಾಯನವಿಜ್ಞಾನ ಬಳಸುವ ಗೊತ್ತಾದ ಮೊತ್ತ) ಎಲೆಕ್ಟ್ರಾನುಗಳು ಹೊರುವ ವಿದ್ಯುದಾವೇಶವೇ ಈ ಸ್ಥಿರಾಂಕ, ಒಪ್ಪಿತ ಬೆಲೆ ಸುಮಾರು 96,485 ಕೂಲಂಬ್. ಎರಡು ತಾಮ್ರದ ತಗಡು, ವಿದ್ಯುತ್ ಮೂಲ, ಆಮ್ಮೀಟರ್, ತಕ್ಕಡಿ, ಸ್ಟಾಪ್‌ವಾಚ್ ಇವೆ.

ಪಠ್ಯಪುಸ್ತಕ ಓದಿದ ಯಾವ ವಿದ್ಯಾರ್ಥಿಯೂ ಮೊದಲ ಮೂರು ಸಾಲುಗಳನ್ನು ಬರೆಯಬಲ್ಲ: ಕ್ಯಾಥೋಡ್ (ತಾಮ್ರ ಬಂದು ಕೂರುವ ತಗಡು) ತೂಗು, ವಿದ್ಯುತ್ ಹರಿಸು, ಮತ್ತೆ ತೂಗು. ಇಷ್ಟಕ್ಕೆ ಒಂದೋ ಎರಡೋ ಅಂಕ ದಕ್ಕೀತು. ಉಳಿದ ಅಂಕಗಳು ಆ ಸಾಲುಗಳ ನಡುವೆ ಅಡಗಿವೆ.

ಕರಗುವ ತಗಡಾದ ಆನೋಡನ್ನು ಬಿಟ್ಟು ಕ್ಯಾಥೋಡನ್ನೇ ಏಕೆ ತೂಗಬೇಕು? ಆನೋಡಿನ ತಾಮ್ರ ಕರಗುವಾಗ ಅದರೊಳಗಿನ ಕಲ್ಮಶ ಕೆಳಗೆ ಕೆಸರಾಗಿ ಉದುರುತ್ತದೆ. ಆಗ ಕಳೆದುಹೋದ ತೂಕ ಅಯಾನಾಗಿ ಹೋದ ತಾಮ್ರಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕ್ಯಾಥೋಡಿನ ಮೇಲಾದರೆ ಕೂರುವುದು ತಾಮ್ರ ಮಾತ್ರ. ಆ ತಗಡನ್ನು ಮೊದಲು ಮರಳುಕಾಗದದಿಂದ ಉಜ್ಜಬೇಕು, ಏಕೆಂದರೆ ಹಳೆಯ ಆಕ್ಸೈಡ್ ಪದರದ ಮೇಲೆ ಹೊಸ ತಾಮ್ರ ಗಟ್ಟಿಯಾಗಿ ಹಿಡಿಯುವುದಿಲ್ಲ. ಹೊರತೆಗೆದ ಮೇಲೆ ಭಟ್ಟಿ ಇಳಿಸಿದ ನೀರಿನಲ್ಲಿ ಮೆಲ್ಲಗೆ ತೊಳೆಯಬೇಕು, ಇಲ್ಲವಾದರೆ ಅಂಟಿಕೊಂಡ ದ್ರಾವಣ ಒಣಗಿ ನೀಲಿ ಹರಳಾಗಿ ತೂಕಕ್ಕೆ ಸೇರುತ್ತದೆ. 'ಮೆಲ್ಲಗೆ' ಎಂಬ ಪದವನ್ನು ಕೈಯಾರೆ ಮಾಡಿದವರೇ ಬರೆಯುತ್ತಾರೆ. ಹೊಸದಾಗಿ ಕೂತ ತಾಮ್ರ ಪುಡಿಪುಡಿಯಾಗಿರುತ್ತದೆ, ನಲ್ಲಿಯ ಕೆಳಗೆ ಹಿಡಿದರೆ ಅರ್ಧ ಫಲಿತಾಂಶ ಸಿಂಕಿಗೆ ಹೋಗುತ್ತದೆ. ಆಮೇಲೆ ಅಸಿಟೋನಿನಲ್ಲಿ ಅದ್ದಿ ಗಾಳಿಗೆ ಹಿಡಿದರೆ ಬೇಗ ಒಣಗುತ್ತದೆ. ಬರ್ನರ್ ಜ್ವಾಲೆಯಲ್ಲಿ ಒಣಗಿಸುತ್ತೇನೆ ಎಂದು ಬರೆದವನು ಒಂದೇ ಏಟಿಗೆ ಎರಡು ತಪ್ಪು ಮಾಡಿದಂತೆ: ಅಸಿಟೋನ್ ಹೊತ್ತಿಕೊಳ್ಳುತ್ತದೆ, ತಾಮ್ರ ಕಪ್ಪು ಆಕ್ಸೈಡಾಗಿ ತೂಕ ಹೆಚ್ಚುತ್ತದೆ.

ಸುರಕ್ಷತೆಯ ಅಂಕವೂ ಇದೇ ಜಾಡಿನಲ್ಲಿದೆ. 'ಕನ್ನಡಕ ಧರಿಸಬೇಕು, ಕೋಟು ಹಾಕಬೇಕು' ಎಂಬುದು ಎಲ್ಲ ಪ್ರಯೋಗಕ್ಕೂ ಸಲ್ಲುವ ಮಾತು, ಹಾಗಾಗಿ ಅದಕ್ಕೆ ಬೆಲೆ ಕಡಿಮೆ. ಅಸಿಟೋನ್ ಬೇಗ ಹೊತ್ತಿಕೊಳ್ಳುವ ದ್ರವ, ಆದ್ದರಿಂದ ಸುತ್ತ ತೆರೆದ ಜ್ವಾಲೆ ಇರಬಾರದು ಎಂದು ಅಪಾಯವನ್ನೂ ಉಪಾಯವನ್ನೂ ಗಂಟು ಹಾಕಿದರೆ ಅದು ಉತ್ತರ.

ಇನ್ನು ವಿದ್ಯುತ್ತು. ಪ್ರಯೋಗ ಸಾಗಿದಂತೆ ಆಮ್ಮೀಟರಿನ ಮುಳ್ಳು ಆಚೀಚೆ ಆಡುತ್ತದೆ, ಆದ್ದರಿಂದ ಮಂಡಲದಲ್ಲಿ ಬದಲಾಯಿಸಬಲ್ಲ ರೋಧಕವೊಂದನ್ನು ಇಟ್ಟು 0.40 ಆಂಪಿಯರಿನಲ್ಲೇ ನಿಲ್ಲಿಸಬೇಕು. ಎಷ್ಟು ಹೊತ್ತು ಹರಿಸಬೇಕು? ಈ ಪ್ರಶ್ನೆಗೆ ಅಂದಾಜಿನ ಉತ್ತರ ಸಾಲದು, ಲೆಕ್ಕ ಬೇಕು. 0.40 ಆಂಪಿಯರನ್ನು 20 ನಿಮಿಷ, ಅಂದರೆ 1,200 ಸೆಕೆಂಡು ಹರಿಸಿದರೆ 480 ಕೂಲಂಬ್. ಅದರಿಂದ ಕೂರುವ ತಾಮ್ರ ಸುಮಾರು 0.158 ಗ್ರಾಂ. ಶಾಲೆಯ ತಕ್ಕಡಿ ಎರಡು ದಶಮಾಂಶದ್ದಾದರೆ ಈ ತೂಕ ಅದಕ್ಕೆ ಕಾಣುವುದು 0.16 ಎಂದು. ಎರಡೇ ನಿಮಿಷ ಹರಿಸಿದವನಿಗೆ 0.02 ಗ್ರಾಂ ಸಿಗುತ್ತದೆ, ಅಂದರೆ ಏನೂ ಸಿಕ್ಕಿಲ್ಲ. ಯೋಜನೆ ಬರೆಯುವ ಹಂತದಲ್ಲೇ ಈ ಲೆಕ್ಕ ಹಾಕುವ ಹುಡುಗಿಗೂ ಲ್ಯಾಬಿನಲ್ಲಿ ಅರ್ಧ ದಿನ ಕಳೆದ ಮೇಲೆ ಗೊತ್ತಾಗುವ ಹುಡುಗನಿಗೂ ಇರುವ ಅಂತರವನ್ನೇ ಪತ್ರಿಕೆ ಹುಡುಕುತ್ತಿದೆ.

ಒಂದೇ ಸಲ ತೂಗಿ ಭಾಗಾಕಾರ ಮಾಡುವ ಬದಲು ಐದಾರು ಬೇರೆ ಬೇರೆ ಅವಧಿಗಳಲ್ಲಿ ತೂಗಿ, ಆವೇಶಕ್ಕೆ ಎದುರಾಗಿ ತೂಕದ ಹೆಚ್ಚಳವನ್ನು ಗ್ರಾಫ್ ಹಾಕುವುದರಲ್ಲೂ ಒಂದು ಜಾಣತನವಿದೆ. ಪ್ರತಿ ತೂಕದಲ್ಲೂ ಒಂದೇ ಪ್ರಮಾಣದ ತಪ್ಪು ಸೇರಿಕೊಂಡಿದ್ದರೆ, ಉದಾಹರಣೆಗೆ ಪ್ರತಿ ಬಾರಿಯೂ ಒಂದಿಷ್ಟೇ ತೇವ ಉಳಿದಿದ್ದರೆ, ರೇಖೆ ಇಡಿಯಾಗಿ ಮೇಲಕ್ಕೆ ಸರಿಯುತ್ತದೆ. ಅದರ ಇಳಿಜಾರು ಬದಲಾಗುವುದಿಲ್ಲ. ನಮಗೆ ಬೇಕಾದ ಸ್ಥಿರಾಂಕ ಇರುವುದು ಇಳಿಜಾರಿನಲ್ಲಿ: ಒಂದು ತಾಮ್ರದ ಅಯಾನಿಗೆ ಎರಡು ಎಲೆಕ್ಟ್ರಾನು ಬೇಕಾದ್ದರಿಂದ, ತಾಮ್ರದ ಮೋಲಾರ್ ರಾಶಿಯನ್ನು (ಒಂದು ಮೋಲಿನ ತೂಕವನ್ನು) ಇಳಿಜಾರಿನ ಎರಡರಷ್ಟರಿಂದ ಭಾಗಿಸಿದರೆ ಅದು ಸಿಗುತ್ತದೆ. ಮೇಲೆ ಸರಿದ ರೇಖೆ ಮೂಲಬಿಂದುವಿನ ಮೂಲಕ ಹಾಯದೆ, ಎಲ್ಲೋ ಏನೋ ತಪ್ಪಿದೆ ಎಂದು ಚಾಡಿಯನ್ನೂ ಹೇಳುತ್ತದೆ. ಸರಾಸರಿ ತೆಗೆದಿದ್ದರೆ ಈ ಚಾಡಿ ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಗುರುತಿನವರೆಗೆ

ಯೋಜನೆಯ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಕೆಲಸವೊಂದಿದೆ: ನಿರ್ದಿಷ್ಟ ಸಾರತೆಯ ದ್ರಾವಣ ತಯಾರಿಸುವುದು. ಪಿಯುಸಿ ಲ್ಯಾಬಿನಲ್ಲಿ ಪರ್ಮಾಂಗನೇಟಿನ ಸಾರತೆ ತಿಳಿಯಲು ಅದರ ಎದುರು ಆಕ್ಸಾಲಿಕ್ ಆಮ್ಲವನ್ನು ಟೈಟ್ರೇಟ್ ಮಾಡಿದವರಿಗೆ ಇದು ಪರಿಚಿತ. ಲೀಟರಿಗೆ 0.0500 ಮೋಲ್ ಸಾರತೆಯ 250 ಮಿಲಿಲೀಟರ್ ಆಕ್ಸಾಲಿಕ್ ಆಮ್ಲ ಬೇಕೆನ್ನಿ. ಹರಳಿನಲ್ಲಿ ನೀರೂ ಸೇರಿರುವುದರಿಂದ ಮೋಲಾರ್ ರಾಶಿ 126. ಹಾಗಾಗಿ ಬೇಕಾದದ್ದು 1.575 ಗ್ರಾಂ.

ಇಲ್ಲಿಯವರೆಗೆ ಎಲ್ಲರೂ ಸರಿ. ಮುಂದಿನ ಸಾಲಿನಲ್ಲಿ ಬಹಳ ಮಂದಿ 'ಇದಕ್ಕೆ 250 ಮಿ.ಲೀ. ನೀರು ಸೇರಿಸುತ್ತೇನೆ' ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. 250 ಮಿ.ಲೀ. ನೀರು ಸೇರಿಸುವುದಕ್ಕೂ ದ್ರಾವಣವನ್ನು 250 ಮಿ.ಲೀ. ಆಗುವಂತೆ ಮಾಡುವುದಕ್ಕೂ ವ್ಯತ್ಯಾಸವಿದೆ. ಹರಳನ್ನು ಬೀಕರಿನಲ್ಲಿ ಸುಮಾರು 100 ಮಿ.ಲೀ. ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಫನೆಲ್ ಮೂಲಕ ಸ್ಟ್ಯಾಂಡರ್ಡ್ ಫ್ಲಾಸ್ಕಿಗೆ ಸುರಿದು, ಬೀಕರು, ಗಾಜಿನ ಕಡ್ಡಿ, ಫನೆಲ್ ಮೂರನ್ನೂ ತೊಳೆದ ನೀರನ್ನು ಅದೇ ಫ್ಲಾಸ್ಕಿಗೆ ಸೇರಿಸಿ, ಗುರುತಿನವರೆಗೆ ನೀರು ತುಂಬಿ, ಕೊನೆಯ ಹನಿಗಳನ್ನು ಡ್ರಾಪರಿನಲ್ಲಿ ಬಿಟ್ಟು, ಬಿರಡೆ ಹಾಕಿ ಹಲವು ಬಾರಿ ತಲೆಕೆಳಗು ಮಾಡಬೇಕು. ತೊಳೆದ ನೀರು ಮತ್ತು ಗುರುತು, ಈ ಎರಡಕ್ಕೂ ಅಂಕ ಮೀಸಲು ಎಂದು ಧೈರ್ಯವಾಗಿ ಹೇಳಬಹುದು.

ಈ ತೊಳೆದ ನೀರನ್ನು ಸೇರಿಸಲು ಮರೆತರೆ ಏನಾಗುತ್ತದೆ ಎಂಬುದು ಮುಂದಿನ ಉಪಪ್ರಶ್ನೆಯಾಗಿ ಬರಬಹುದು. 'ಫಲಿತಾಂಶ ತಪ್ಪಾಗುತ್ತದೆ' ಎಂಬುದು ಉತ್ತರವಲ್ಲ. ಆಮ್ಲದ ಒಂದು ಪಾಲು ಬೀಕರಿನಲ್ಲೇ ಉಳಿಯಿತು. ಫ್ಲಾಸ್ಕಿನ ದ್ರಾವಣ ಚೀಟಿಯಲ್ಲಿ ಬರೆದದ್ದಕ್ಕಿಂತ ತೆಳುವಾಯಿತು. ಅದಕ್ಕೆ ಕಡಿಮೆ ಪರ್ಮಾಂಗನೇಟ್ ಸಾಕಾಯಿತು. ಕಡಿಮೆ ಗಾತ್ರದಲ್ಲೇ ಕೆಲಸ ಮುಗಿಸಿದ ಪರ್ಮಾಂಗನೇಟ್ ಇದ್ದದ್ದಕ್ಕಿಂತ ಹೆಚ್ಚು ಸಾರತೆಯದೆಂದು ಲೆಕ್ಕದಲ್ಲಿ ತೋರಿತು. ತಪ್ಪು ಯಾವ ದಿಕ್ಕಿಗೆ ಹೋಯಿತು, ಯಾವ ಹಾದಿ ಹಿಡಿದು ಹೋಯಿತು, ಅದನ್ನು ಬರೆಯಬೇಕು. ಬೇರೆ ಪ್ರಶ್ನೆಗಳಲ್ಲಿ ಉರುಹೊಡೆದ ವಾಕ್ಯ ಒಂದಿಷ್ಟು ದೂರ ಒಯ್ಯುತ್ತದೆ, ಇಲ್ಲಿ ಒಂದು ಹೆಜ್ಜೆಯೂ ಒಯ್ಯುವುದಿಲ್ಲ.

ಯಾವುದನ್ನು ಬದಲಾಯಿಸುತ್ತೇವೆ, ಯಾವುದನ್ನು ಅಳೆಯುತ್ತೇವೆ, ಯಾವುದನ್ನು ಬದಲಾಗದಂತೆ ಹಿಡಿದಿಡುತ್ತೇವೆ ಎಂಬ ಸ್ವತಂತ್ರ ಚರ, ಅವಲಂಬಿತ ಚರಗಳ ಪ್ರಶ್ನೆ ಸಾಮಾನ್ಯವಾಗಿ ಒಂದೆರಡು ಅಂಕಕ್ಕೆ ಬರುತ್ತದೆ. ಸುಲಭದ್ದು, ಅಲ್ಲಿ ನಿಲ್ಲಬೇಕಿಲ್ಲ.

ಅಂಕಿಗಳ ಮುಂದೆ ಕೂತಾಗ

ಪತ್ರಿಕೆಯ ಇನ್ನರ್ಧದಲ್ಲಿ ಪ್ರಯೋಗ ಆಗಲೇ ಮುಗಿದಿರುತ್ತದೆ, ಕೋಷ್ಟಕ ಮಾತ್ರ ಕೈಗೆ ಬರುತ್ತದೆ. ಇದಕ್ಕೆ ಸೋಡಿಯಂ ಥಯೋಸಲ್ಫೇಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಹಳೆಯ ಪ್ರಯೋಗವನ್ನೇ ನೋಡಬಹುದು. ಎರಡೂ ಸೇರಿದಾಗ ಗಂಧಕದ ಸಣ್ಣ ಕಣಗಳು ಹುಟ್ಟಿ ದ್ರಾವಣ ಮಬ್ಬಾಗುತ್ತದೆ. ಫ್ಲಾಸ್ಕಿನ ಅಡಿಯ ಕಾಗದದ ಮೇಲೆ ಬರೆದ ಗುಣಾಕಾರ ಚಿಹ್ನೆ ಕಾಣದಾಗಲು ಎಷ್ಟು ಸೆಕೆಂಡು ಬೇಕು ಎಂದು ಅಳೆಯುತ್ತೇವೆ. ಸಲ್ಫರ್ ಡೈಆಕ್ಸೈಡ್ ಹೊರಡುವುದರಿಂದ ಗಾಳಿಯಾಡುವ ಜಾಗ ಬೇಕು, ಉಬ್ಬಸ ಇರುವವರು ದೂರ ನಿಲ್ಲಬೇಕು.

ಉದಾಹರಣೆಗೆಂದು ನಾನೇ ಹೊಂದಿಸಿದ ಅಂಕಿಗಳು ಇವು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 120 ಸೆಕೆಂಡು, 30ರಲ್ಲಿ 61, 40ರಲ್ಲಿ 32, 50ರಲ್ಲಿ 23, 60ರಲ್ಲಿ 10.

ತಾಪಮಾನ ಏರಿದಂತೆ ಕ್ರಿಯೆಯ ವೇಗ ಏಕೆ ಇಷ್ಟು ಜೋರಾಗಿ ಏರುತ್ತದೆ ಎಂಬುದನ್ನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1889ರಲ್ಲಿ ಒಂದು ಸಮೀಕರಣಕ್ಕೆ ಇಳಿಸಿದ. ನಮ್ಮ ಕೆಲಸಕ್ಕೆ ಅದರ ಒಂದು ರೂಪ ಸಾಕು: ವೇಗದ ಸ್ವಾಭಾವಿಕ ಲಾಗರಿದಮ್ಮನ್ನು ಕೆಲ್ವಿನ್ ತಾಪಮಾನದ ವ್ಯುತ್ಕ್ರಮಕ್ಕೆ (ಒಂದನ್ನು ಅದರಿಂದ ಭಾಗಿಸಿದ ಬೆಲೆಗೆ) ಎದುರಾಗಿ ಗ್ರಾಫ್ ಹಾಕಿದರೆ ಕೆಳಗಿಳಿಯುವ ಸರಳರೇಖೆ ಬರುತ್ತದೆ. ಆ ಇಳಿಜಾರನ್ನು ಅನಿಲ ಸ್ಥಿರಾಂಕ 8.31ರಿಂದ ಗುಣಿಸಿದರೆ, ಋಣ ಚಿಹ್ನೆ ಬಿಟ್ಟು, ಸಕ್ರಿಯಣ ಶಕ್ತಿ, ಅಂದರೆ ಕ್ರಿಯೆ ನಡೆಯಲು ಕಣಗಳಿಗೆ ಬೇಕಾದ ಕನಿಷ್ಠ ಶಕ್ತಿ, ಸಿಗುತ್ತದೆ. ಪ್ರತಿ ಬಾರಿಯೂ ಒಂದೇ ಮಟ್ಟದ ಮಬ್ಬಿಗೆ ಕಾಯುತ್ತಿರುವುದರಿಂದ ವೇಗದ ಬದಲು ಸಮಯದ ವ್ಯುತ್ಕ್ರಮವನ್ನೇ ಇಟ್ಟುಕೊಳ್ಳಬಹುದು.

ಮೊದಲ ಮುಗ್ಗರಿಕೆ ಸೆಲ್ಸಿಯಸ್ಸಿನಲ್ಲೇ ವ್ಯುತ್ಕ್ರಮ ತೆಗೆಯುವುದು. 273 ಕೂಡಿಸದೆ ಮುಂದೆ ಹೋದರೆ ಗ್ರಾಫಿನ ಯಾವ ಬಿಂದುವಿಗೂ ಅರ್ಥವಿಲ್ಲ. ಎರಡನೆಯದು ಅಕ್ಷಗಳನ್ನು ಸೊನ್ನೆಯಿಂದ ಶುರುಮಾಡುವುದು. 293 ಕೆಲ್ವಿನ್ನಿನ ವ್ಯುತ್ಕ್ರಮ 0.00341, 333ರದ್ದು 0.00300. ಅಕ್ಷ ಸೊನ್ನೆಯಿಂದ ಹೊರಟರೆ ಐದೂ ಬಿಂದುಗಳು ಕಾಗದದ ಬಲ ಅಂಚಿನಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಬಿಂದುಗಳು ಗ್ರಾಫ್ ಕಾಗದದ ಅರ್ಧಕ್ಕಿಂತ ಹೆಚ್ಚು ಜಾಗಕ್ಕೆ ಹರಡಬೇಕು ಎಂಬ ನಿಯಮ ಅಂದಚಂದಕ್ಕಾಗಿ ಬಂದದ್ದಲ್ಲ. ಹತ್ತಿರ ಹತ್ತಿರದ ಬಿಂದುಗಳಿಂದ ತೆಗೆದ ಇಳಿಜಾರು ಪೆನ್ಸಿಲಿನ ಮೊನೆಯಷ್ಟು ಸರಿದರೂ ಬದಲಾಗುತ್ತದೆ. ಇಳಿಜಾರಿಗೆ ರೇಖೆಯ ಮೇಲಿನ ಎರಡು ದೂರದ ಬಿಂದುಗಳನ್ನು ಓದಬೇಕು, ಕೋಷ್ಟಕದ ಅಂಕಿಗಳನ್ನೇ ಎತ್ತಿಕೊಳ್ಳಬಾರದು ಎನ್ನುವುದಕ್ಕೂ ಕಾರಣ ಸರಳ: ಐದು ಅಳತೆಗಳ ಒಟ್ಟು ಒಲವಿನಿಂದ ರೇಖೆ ಎಳೆದು, ಮತ್ತೆ ಎರಡೇ ಅಳತೆಗಳನ್ನು ನಂಬಿದರೆ ರೇಖೆ ಎಳೆದು ಪ್ರಯೋಜನವೇನು?

ನಮ್ಮ ಐದು ಅಂಕಿಗಳ ವ್ಯುತ್ಕ್ರಮದ ಲಾಗರಿದಮ್ ಕ್ರಮವಾಗಿ ‒4.79, ‒4.11, ‒3.47, ‒3.14, ‒2.30. ನಾಲ್ಕು ಬಿಂದುಗಳು ಒಂದೇ ರೇಖೆಯಲ್ಲಿ ನಿಲ್ಲುತ್ತವೆ. ಇಳಿಜಾರು ಸುಮಾರು ‒6,000 ಕೆಲ್ವಿನ್, ಸಕ್ರಿಯಣ ಶಕ್ತಿ ಮೋಲಿಗೆ ಸುಮಾರು 50 ಕಿಲೋಜೂಲ್. 50 ಡಿಗ್ರಿಯ ಬಿಂದು ಮಾತ್ರ ರೇಖೆಯ ಕೆಳಗೆ ಬಿದ್ದಿದೆ. ಅಲ್ಲಿ ಸುಮಾರು 18 ಸೆಕೆಂಡು ಬರಬೇಕಿತ್ತು, ಬಂದದ್ದು 23.

ಇದನ್ನು ಸುತ್ತು ಹಾಕಿ ಗುರುತಿಸಿ, ರೇಖೆ ಎಳೆಯುವಾಗ ಬಿಟ್ಟುಬಿಡಬೇಕು. ಅಷ್ಟಕ್ಕೆ ಒಂದು ಅಂಕ. ಮುಂದಿನ ಪ್ರಶ್ನೆ: ಈ ಬಿಂದು ಹೀಗಾಗಲು ಕಾರಣವೊಂದನ್ನು ಸೂಚಿಸಿ. 'ಮಾನವ ದೋಷ' ಎಂದು ಬರೆದರೆ ಸೊನ್ನೆ. 'ಸ್ಟಾಪ್‌ವಾಚ್ ನಿಲ್ಲಿಸಲು ತಡವಾಯಿತು' ಎಂದರೆ ಒಂದಿಷ್ಟು ವಾಸಿ, ಆದರೆ ಐದು ಸೆಕೆಂಡು ತಡಮಾಡುವಷ್ಟು ನಿದ್ದೆಗಣ್ಣಿನವರು ಯಾರು? ಹೆಚ್ಚು ಒಪ್ಪುವ ಕಾರಣ ತಾಪಮಾನದ್ದು. ಸಮಯ ಹೆಚ್ಚಾಗಿದೆ, ಅಂದರೆ ಕ್ರಿಯೆ ನಿಧಾನವಾಗಿದೆ, ಅಂದರೆ ಮಿಶ್ರಣ ನಿಜವಾಗಿ 50 ಡಿಗ್ರಿಯಲ್ಲಿ ಇರಲಿಲ್ಲ. ಥಯೋಸಲ್ಫೇಟನ್ನು ಮಾತ್ರ ಬಿಸಿಮಾಡಿ ಅದರ ತಾಪಮಾನ ಬರೆದುಕೊಂಡು, ಆಮ್ಲವನ್ನು ಮೇಜಿನ ಮೇಲಿಂದ ಹಾಗೇ ಸುರಿದಿದ್ದರೆ? ಲೆಕ್ಕ ಹಾಕಿ ನೋಡಿ. 50 ಡಿಗ್ರಿಯ 50 ಮಿ.ಲೀ. ದ್ರಾವಣಕ್ಕೆ 25 ಡಿಗ್ರಿಯ 10 ಮಿ.ಲೀ. ಆಮ್ಲ ಬಿದ್ದರೆ ಮಿಶ್ರಣ ಸುಮಾರು 46 ಡಿಗ್ರಿಗೆ ಇಳಿಯುತ್ತದೆ. ನಮ್ಮ ರೇಖೆಯಲ್ಲಿ 23 ಸೆಕೆಂಡಿಗೆ ಎದುರಾಗಿ ಕೂತಿರುವ ತಾಪಮಾನವೂ ಹೆಚ್ಚುಕಡಿಮೆ ಅದೇ. ಪರೀಕ್ಷೆಯಲ್ಲಿ ಇಷ್ಟು ದೂರ ಹೋಗಬೇಕಿಲ್ಲ, ಕಾರಣವನ್ನು ಬಿಂದುವಿನ ದಿಕ್ಕಿಗೆ ಜೋಡಿಸಿದರೆ ಸಾಕು. ಆದರೆ ಹೀಗೊಮ್ಮೆ ಲೆಕ್ಕ ಹಾಕಿದ ವಿದ್ಯಾರ್ಥಿ ಮುಂದೆಂದೂ ಆಮ್ಲವನ್ನು ತಣ್ಣಗೆ ಸುರಿಯುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಆ ತಣ್ಣನೆಯ ಆಮ್ಲದ ಅಭ್ಯಾಸ ಒಂದೇ ಬಾರಿಯದಾದರೆ ಒಂದು ಬಿಂದು ಗುಂಪಿನಿಂದ ಹೊರಗೆ ಬಿದ್ದು ಸಿಕ್ಕಿಹಾಕಿಕೊಳ್ಳುತ್ತದೆ. ಪ್ರತಿ ಬಾರಿಯೂ ಹಾಗೇ ಮಾಡಿದ್ದರೆ ಯಾವ ಬಿಂದುವೂ ಹೊರಗೆ ಕಾಣುವುದಿಲ್ಲ. ತಾಪಮಾನ ಹೆಚ್ಚಿದಷ್ಟೂ ಇಳಿತವೂ ಹೆಚ್ಚು, ಹೀಗಾಗಿ ಬಿಂದುಗಳೆಲ್ಲ ಸೇರಿ ಒಟ್ಟಿಗೆ ಬಾಗುತ್ತವೆ, ಇಳಿಜಾರು ಮಂದವಾಗುತ್ತದೆ, ಸಕ್ರಿಯಣ ಶಕ್ತಿ ಕಡಿಮೆ ಬರುತ್ತದೆ. ಗ್ರಾಫ್ ನೋಡಲು ಲಕ್ಷಣವಾಗಿಯೇ ಇರುತ್ತದೆ. ಯಾದೃಚ್ಛಿಕ ದೋಷ ಬಿಂದುಗಳನ್ನು ಚೆದುರಿಸುತ್ತದೆ, ವ್ಯವಸ್ಥಿತ ದೋಷ ಶಿಸ್ತಾಗಿ ಸುಳ್ಳು ಹೇಳುತ್ತದೆ. 'ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ಸರಾಸರಿ ತೆಗೆಯಬೇಕು' ಎಂಬ ಸರ್ವರೋಗದ ಮದ್ದು ಎರಡನೆಯದಕ್ಕೆ ಕೆಲಸ ಮಾಡುವುದಿಲ್ಲ. ಮೂರು ಸಲ ಅದೇ ಸುಳ್ಳು ಕೇಳಿದರೆ ಅದು ನಿಜವಾಗುವುದಿಲ್ಲವಷ್ಟೆ.

ದೋಷ ಎಷ್ಟು, ಯಾರ ಪಾಲು ಎಷ್ಟು

ಮೌಲ್ಯಮಾಪನ ಎಂಬ ಭಾಗ ಮಕ್ಕಳಿಗೆ ಅತಿ ಕಷ್ಟವಾಗುವುದು ಅಲ್ಲಿ ಅಭಿಪ್ರಾಯ ಬರೆಯಬೇಕು ಎಂದುಕೊಳ್ಳುವುದರಿಂದ. ಅಲ್ಲಿ ಬೇಕಿರುವುದು ಬಹುಪಾಲು ಅಂಕಗಣಿತ.

ಮತ್ತೆ ತಾಮ್ರದ ತಗಡಿಗೆ ಬರೋಣ. ಎರಡು ದಶಮಾಂಶದ ತಕ್ಕಡಿಯಲ್ಲಿ ಪ್ರತಿ ಓದಿನ ಅನಿಶ್ಚಿತತೆ 0.005 ಗ್ರಾಂ. ಮೊದಲು ಒಮ್ಮೆ, ಆಮೇಲೆ ಒಮ್ಮೆ ತೂಗಿದ್ದೇವೆ, ಆದ್ದರಿಂದ ವ್ಯತ್ಯಾಸದಲ್ಲಿ 0.01 ಗ್ರಾಂ. ಅಳೆದದ್ದು 0.16 ಗ್ರಾಂ. ಹಾಗಾದರೆ ಶೇಕಡಾ 6ಕ್ಕಿಂತ ಸ್ವಲ್ಪ ಹೆಚ್ಚು. ಆಮ್ಮೀಟರಿನಲ್ಲಿ 0.40ಕ್ಕೆ 0.01 ಆಂಪಿಯರ್, ಶೇಕಡಾ 2.5. ಸ್ಟಾಪ್‌ವಾಚ್‌ನಲ್ಲಿ 1,200 ಸೆಕೆಂಡಿಗೆ ಒಂದು ಸೆಕೆಂಡು ಹೆಚ್ಚುಕಡಿಮೆಯಾದರೂ ಶೇಕಡಾ 0.1 ಕೂಡ ಇಲ್ಲ. ಪ್ರಯೋಗವನ್ನು ಉತ್ತಮಪಡಿಸಲು ಏನು ಮಾಡುವಿರಿ ಎಂದು ಕೇಳಿದಾಗ 'ಇನ್ನೂ ನಿಖರವಾದ ಗಡಿಯಾರ ಬಳಸುತ್ತೇನೆ' ಎನ್ನುವವರು ಈ ಲೆಕ್ಕ ಹಾಕಿಲ್ಲ ಎಂದೇ ಅರ್ಥ. ಮೂರು ದಶಮಾಂಶದ ತಕ್ಕಡಿ ತಂದರೆ ತೂಕದ ಅನಿಶ್ಚಿತತೆ ಶೇಕಡಾ 0.6ಕ್ಕೆ ಇಳಿಯುತ್ತದೆ. ತಕ್ಕಡಿ ಕೊಳ್ಳಲು ದುಡ್ಡಿಲ್ಲದ ಶಾಲೆಯಾದರೆ ಒಂದು ಗಂಟೆ ಹರಿಸಿದರಾಯಿತು: 0.47 ಗ್ರಾಂ ಕೂರುತ್ತದೆ, ಹಳೆಯ ತಕ್ಕಡಿಯಲ್ಲೇ ಅನಿಶ್ಚಿತತೆ ಶೇಕಡಾ 2ರ ಆಸುಪಾಸಿಗೆ ಬರುತ್ತದೆ. ಉಪಕರಣ ಬದಲಾಯಿಸದೆ ಅಳೆಯುವ ಮೊತ್ತವನ್ನು ದೊಡ್ಡದು ಮಾಡುವುದು ನನಗೆ ಹೆಚ್ಚು ಹಿಡಿಸುವ ಉತ್ತರ.

ಈಗ ಇಡೀ ಪತ್ರಿಕೆಯಲ್ಲಿ ನನ್ನ ಮೆಚ್ಚಿನ ಪ್ರಶ್ನೆಗೆ ಬರುತ್ತೇನೆ. ಒಬ್ಬ ವಿದ್ಯಾರ್ಥಿಗೆ ಫ್ಯಾರಡೆ ಸ್ಥಿರಾಂಕ 1,00,000 ಕೂಲಂಬ್ ಬಂತು. ಮತ್ತೊಬ್ಬನಿಗೆ 1,15,000. ಇಬ್ಬರದ್ದೂ 'ತಪ್ಪು'. ಆದರೆ ಒಂದೇ ಬಗೆಯ ತಪ್ಪೇ? ಮೊದಲನೆಯವನು ಒಪ್ಪಿತ ಬೆಲೆಯಿಂದ ಶೇಕಡಾ 3.6ರಷ್ಟು ದೂರವಿದ್ದಾನೆ. ಅವನ ಉಪಕರಣಗಳ ಒಟ್ಟು ಅನಿಶ್ಚಿತತೆಯೇ ಶೇಕಡಾ 9ರ ಹತ್ತಿರ. ಹಾಗಾಗಿ ಅವನು ಬೇರೆ ಯಾವ ಕಾರಣವನ್ನೂ ಹುಡುಕಬೇಕಿಲ್ಲ. ಎರಡನೆಯವನು ಶೇಕಡಾ 19ರಷ್ಟು ದೂರ. ತಕ್ಕಡಿ, ಆಮ್ಮೀಟರುಗಳ ಮೇಲೆ ಹೊರಿಸಿ ಇಷ್ಟನ್ನು ತೀರಿಸಲಾಗದು. ಕಾರ್ಯವಿಧಾನದಲ್ಲೇ ಸೋರಿಕೆ ಇದೆ. ಸ್ಥಿರಾಂಕ ಹೆಚ್ಚು ಬಂದಿದೆ ಎಂದರೆ ತೂಕ ಕಡಿಮೆ ಸಿಕ್ಕಿದೆ, ತೂಕ ಕಡಿಮೆ ಸಿಕ್ಕಿದೆ ಎಂದರೆ ತಾಮ್ರ ಎಲ್ಲೋ ಹೋಗಿದೆ. ನಲ್ಲಿಯ ಕೆಳಗೆ ಹಿಡಿದು ತೊಳೆದನೇ ಎಂದು ಕೇಳಿ ನೋಡಬೇಕು. ಎರಡು ಶೇಕಡಾವಾರುಗಳನ್ನು ಪಕ್ಕಪಕ್ಕ ಇಟ್ಟು ಪತ್ತೇದಾರಿ ಮಾಡುವ ಈ ಕಲೆ ಕಾರ್ಖಾನೆಯ ಗುಣಮಟ್ಟ ಪ್ರಯೋಗಾಲಯದಲ್ಲಿ, ನೀರು ಪರೀಕ್ಷೆಯಲ್ಲಿ, ಔಷಧ ತಯಾರಿಕೆಯಲ್ಲಿ ದಿನನಿತ್ಯ ಬೇಕಾದದ್ದು. ಶಾಲೆಯಲ್ಲಿ ಇದನ್ನು ಕಲಿಸುವ ಜಾಗ ಮಾತ್ರ ಬಹಳ ಕಿರಿದು.

ಬರೆದು ಅಳೆಯುವುದರ ಮಿತಿ

ಇಂಗ್ಲೆಂಡ್ ತನ್ನ ದೇಶದೊಳಗಿನ ಎ ಲೆವೆಲ್ಲಿನಲ್ಲಿ ಬೇರೆ ದಾರಿ ಹಿಡಿದಿದೆ. 2015ರ ಸೆಪ್ಟೆಂಬರಿನಿಂದ ಕಲಿಸಲಾರಂಭಿಸಿದ, 2017ರಲ್ಲಿ ಮೊದಲ ಪರೀಕ್ಷೆ ಕಂಡ ಹೊಸ ವ್ಯವಸ್ಥೆಯಲ್ಲಿ ಲ್ಯಾಬ್ ಕೆಲಸದ ಅಂಕ ಗ್ರೇಡಿಗೆ ಸೇರುವುದಿಲ್ಲ. ಎರಡು ವರ್ಷಗಳಲ್ಲಿ ಕನಿಷ್ಠ 12 ಪ್ರಯೋಗಗಳನ್ನು ಮಾಡಿ, ಐದು ಮಾನದಂಡಗಳನ್ನು ಪೂರೈಸಿದ್ದಾನೆಂದು ಶಿಕ್ಷಕರು ದೃಢಪಡಿಸಿದರೆ ಪ್ರತ್ಯೇಕವಾಗಿ 'ಉತ್ತೀರ್ಣ' ಎಂಬ ಷರಾ ಸಿಗುತ್ತದೆ. ಅದರ ಜೊತೆಗೆ ಲಿಖಿತ ಪತ್ರಿಕೆಗಳ ಕನಿಷ್ಠ ಶೇಕಡಾ 15ರಷ್ಟು ಅಂಕ ಪ್ರಾಯೋಗಿಕ ಕೌಶಲದ ಪ್ರಶ್ನೆಗಳಿಗೆ ಮೀಸಲು. ಶಿಕ್ಷಕರೇ ಅಂಕ ಕೊಡುವ ಹಳೆಯ ಪದ್ಧತಿಯಲ್ಲಿ ಹೆಚ್ಚಿನವರ ಅಂಕ ಮೇಲ್ತುದಿಯಲ್ಲೇ ಗುಂಪುಗೂಡುತ್ತಿತ್ತು, ಒಬ್ಬರಿಂದ ಒಬ್ಬರನ್ನು ಬೇರ್ಪಡಿಸಲು ಆಗುತ್ತಿರಲಿಲ್ಲ ಎಂಬುದು ಬದಲಾವಣೆಗೆ ಕೊಟ್ಟ ಕಾರಣಗಳಲ್ಲಿ ಒಂದು. ಗ್ರೇಡಿಗೆ ಲೆಕ್ಕಕ್ಕಿಲ್ಲದ ಕೆಲಸಕ್ಕೆ ಶಾಲೆಗಳು ಸಮಯ ಕೊಡುತ್ತವೆಯೇ ಎಂಬ ಆತಂಕವನ್ನು ವಿಜ್ಞಾನಿಗಳೂ ಶಿಕ್ಷಕರೂ ಆಗಲೇ ಎತ್ತಿದ್ದರು.

ನಮ್ಮ ದ್ವಿತೀಯ ಪಿಯುಸಿಯಲ್ಲಿ ರಸಾಯನವಿಜ್ಞಾನಕ್ಕೆ ಬರವಣಿಗೆಗೆ 70, ಪ್ರಾಯೋಗಿಕಕ್ಕೆ 30 ಅಂಕ. ಸಿಬಿಎಸ್‌ಇಯ 12ನೇ ತರಗತಿಯಲ್ಲೂ ಹಾಗೆಯೇ: ಆ 30ರಲ್ಲಿ ಟೈಟ್ರೇಶನ್‌ಗೆ 8, ಲವಣ ವಿಶ್ಲೇಷಣೆಗೆ 8, ಪಾಠಾಧಾರಿತ ಪ್ರಯೋಗಕ್ಕೆ 6, ಪ್ರಾಜೆಕ್ಟಿಗೆ 4, ರೆಕಾರ್ಡು ಮತ್ತು ವೈವಾಕ್ಕೆ 4. ಮೇಲ್ತುದಿಯ ಗುಂಪುಗಾರಿಕೆ ನಮಗೂ ಹೊಸದಲ್ಲ, 30ಕ್ಕೆ 29 ಬಂದರೆ ಒಂದು ಅಂಕ ಎಲ್ಲಿ ಹೋಯಿತು ಎಂದು ವಿಚಾರಿಸುವ ಮನೆಗಳು ಎಷ್ಟಿಲ್ಲ. ವಿಧಾನ ಮೊದಲೇ ಗೊತ್ತಿರುವ, ಉತ್ತರವೂ ಬಹುಮಟ್ಟಿಗೆ ಗೊತ್ತಿರುವ ಪ್ರಯೋಗದಲ್ಲಿ ಯೋಜನೆಗೆ ಜಾಗವೇ ಇರುವುದಿಲ್ಲ. ಅದನ್ನು ಕಾಣಬಹುದಾದ ಒಂದೇ ಸ್ಥಳ ಪ್ರಾಜೆಕ್ಟಿನ ಆ 4 ಅಂಕ. ಅದು ಅಂಗಡಿಯ ಸ್ಪೈರಲ್ ಬೈಂಡಿಂಗಿನಲ್ಲಿ ಹೇಗೆ ಮುಗಿಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಕೇಂಬ್ರಿಜ್‌ನ ಐದನೇ ಪತ್ರಿಕೆಯನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಹಿಂದಿನ ವರ್ಷಗಳ ಪ್ರಶ್ನೆ ಮತ್ತು ಉತ್ತರಸೂಚಿಗಳು ಮುಕ್ತವಾಗಿ ಸಿಗುತ್ತವೆ. 'ಸ್ಥಿರ ತೂಕ ಬರುವವರೆಗೆ ಕಾಯಿಸು', 'ಒಂದಕ್ಕೊಂದು 0.10 ಮಿ.ಲೀ. ಒಳಗೆ ಹೊಂದುವ ಓದುಗಳು ಬರುವವರೆಗೆ ಟೈಟ್ರೇಟ್ ಮಾಡು' ಎಂಬಂಥ ವಾಕ್ಯಗಳನ್ನು ಮಗ್ಗಿಯ ಹಾಗೆ ಒಪ್ಪಿಸುವಂತೆ ತಯಾರು ಮಾಡುವ ಕೋಚಿಂಗ್ ತರಗತಿಗಳೂ ಇವೆ. ಅಲ್ಲಿ ಪಳಗಿದ ಹುಡುಗನಿಗೆ ಪತ್ರಿಕೆಯ ಅರ್ಧದಷ್ಟು ಅಂಕ ಸಿಕ್ಕಿಬಿಡುವುದೂ ಉಂಟು. ಬ್ಯೂರೆಟ್ಟಿನ ತುದಿಯಲ್ಲಿ ಗಾಳಿಗುಳ್ಳೆ ಉಳಿಸಿಕೊಂಡೇ ಟೈಟ್ರೇಶನ್ ಶುರುಮಾಡುವ ಕೈಯನ್ನು ಈ ಪತ್ರಿಕೆ ಹಿಡಿಯಲಾರದು, ಹಿಡಿಯುವ ಉದ್ದೇಶವೂ ಅದಕ್ಕಿಲ್ಲ. ಮೂರನೇ ಪತ್ರಿಕೆ ಇಲ್ಲದೆ ಇದೊಂದನ್ನೇ ಇಟ್ಟಿದ್ದರೆ ನಾನು ವಿರೋಧಿಸುತ್ತಿದ್ದೆ.

ಇದರಿಂದ ನಮ್ಮ ಕಾಲೇಜುಗಳು ಎರವಲು ತರಬಹುದಾದದ್ದಕ್ಕೆ ಪಠ್ಯಕ್ರಮವಾಗಲಿ ಸರ್ಕಾರದ ಆದೇಶವಾಗಲಿ ಬೇಕಿಲ್ಲ. ಅದೇ ಪರ್ಮಾಂಗನೇಟ್ ಟೈಟ್ರೇಶನ್ ಮುಗಿದ ದಿನ ಇಡೀ ಬ್ಯಾಚಿನ ಓದುಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಮೂರು ಪ್ರಶ್ನೆ ಕೇಳಬಹುದು. ಯಾವ ಓದನ್ನು ಬಿಡುತ್ತೀರಿ, ಏಕೆ? 25 ಮಿ.ಲೀ. ಬದಲು 10 ಮಿ.ಲೀ. ಪಿಪೆಟ್ ಬಳಸಿದ್ದರೆ ಬ್ಯೂರೆಟ್ ಓದಿನ ಶೇಕಡಾ ಅನಿಶ್ಚಿತತೆ ಎಷ್ಟಾಗುತ್ತಿತ್ತು? ಆಕ್ಸಾಲಿಕ್ ಆಮ್ಲವನ್ನು ಬಿಸಿಮಾಡಲು ಮರೆತವರ ಓದು ಏಕೆ ಎತ್ತೆತ್ತಲೋ ಹೋಗಿದೆ? ಮೂರನೆಯದಕ್ಕೆ ಉತ್ತರ ಹುಡುಕುವಾಗ ಯಾರಾದರೊಬ್ಬರು ಎದ್ದು, ತಣ್ಣಗಿದ್ದಾಗ ಮೊದಲ ಹನಿಗಳ ನೇರಳೆ ಬಣ್ಣ ಬೇಗ ಮಾಯವಾಗಲಿಲ್ಲ, ಮುಗಿಯಿತೆಂದುಕೊಂಡು ನಲ್ಲಿ ನಿಲ್ಲಿಸಿಬಿಟ್ಟೆ ಎಂದಾರು. ರೆಕಾರ್ಡ್ ಪುಸ್ತಕದಲ್ಲಿ ಆ ಸಾಲಿಗೆ ಜಾಗವಿಲ್ಲ, ಅಂಚಿನಲ್ಲಿ ಬರೆಸಿಕೊಳ್ಳಬೇಕು.